ಮಡಿಕೆಯೆಂದು ಅಳಿಸಿದ ಕಾಲುದಾರಿ

ಇದನ್ನು ಹೇಳುವುದನ್ನು ಇಪ್ಪತ್ತು ವರ್ಷಗಳಿಂದ ಮುಂದೂಡಿದ್ದೇನೆ. ಈ ವರ್ಷವೊಂದರಲ್ಲೇ ಮೂರು ಸಲ ಮುಂದೂಡಿದೆ.

ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದವನು ಕೋವಿಡ್‌ನಿಂದಾಗಿ ನೆದರ್‌ಲ್ಯಾಂಡ್ಸಿನ ಈ ಹೂಫ್‌ಡಾರ್ಪ್ ಊರಿನಲ್ಲಿ ಎಂಟನೆಯ ತಿಂಗಳು ಕಳೆಯುತ್ತಿದ್ದೇನೆ. ನನ್ನ ಹಾಗೆ ಸಿಕ್ಕಿಹಾಕಿಕೊಂಡ ಅಪ್ಪ ಅಮ್ಮಂದಿರು ಸುತ್ತಮುತ್ತ ಹತ್ತು ಹನ್ನೆರಡು ಜನ ಇದ್ದೆವು. ನಮ್ಮ ಬೇಸರ ಕಳೆಯಲೆಂದು ಇಲ್ಲಿನ ಕನ್ನಡದ ಹುಡುಗರು ಒಂದು ಏರ್ಪಾಡು ಮಾಡಿದರು. ಪ್ರತಿ ಭಾನುವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಎಲ್ಲರೂ ಸೇರುವುದು, ಒಬ್ಬ ಹಿರಿಯರು ತಮ್ಮ ನೌಕರಿಯ ಕಥೆ ಹೇಳುವುದು, ಆಮೇಲೆ ಅದನ್ನೇ ಬರೆದುಕೊಡುವುದು. ಒಬ್ಬ ನಿವೃತ್ತ ನರ್ಸಮ್ಮ ಹೇಳಿದರು. ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರು ಹೇಳಿದರು. ನನ್ನ ಸರದಿ ಬಂದಾಗ ಮೊದಲ ಸಲ ಗಂಟಲು ನೋವು ಎಂದೆ. ಎರಡನೆಯ ಸಲ ನೆಟ್‌ವರ್ಕ್ ಸರಿಯಿಲ್ಲ ಎಂದೆ. ಮೂರನೆಯ ಸಲ ತಪ್ಪಿಸಿಕೊಳ್ಳಲಾಗದೆ ಕೂತು, ಪೆನ್ನು, ಶಾಯಿ, ಬ್ಲೇಡುಗಳ ವಿಷಯ ಹೇಳಿ ಮುಗಿಸಿದೆ.

ನಕ್ಷೆಯ ವಿದ್ಯೆಯನ್ನೇ ಓದಲು ಬಂದಿರುವ ಹಾಸನದ ಹುಡುಗಿಯೊಬ್ಬಳು ಕೊನೆಗೆ ಕೇಳಿದಳು: "ಅಂಕಲ್, ನಿಮ್ಮ ಕೆಲಸದಲ್ಲಿ ದೊಡ್ಡ ಮಿಸ್ಟೇಕ್ ಏನಾದ್ರೂ ಆಗಿತ್ತಾ?"

"ಆಗಿತ್ತಮ್ಮಾ. ಒಂದು ಹೊಳೇನ ಗುಡ್ಡ ಹತ್ತಿಸಿಬಿಟ್ಟಿದ್ದೆ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಹುಡುಗಿ ಕೇಳಿದ್ದು ದೊಡ್ಡ ತಪ್ಪನ್ನು. ನಾನು ಹೇಳಿದ್ದು ಚಿಕ್ಕದನ್ನು. ದೊಡ್ಡದನ್ನು ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಷರ ಗುಂಡಾಗಿತ್ತು, ಕೈ ನಡುಗುತ್ತಿರಲಿಲ್ಲ. ಅಷ್ಟರ ಮೇಲೆ ಬೆಂಗಳೂರಿನ ಒಂದು ಖಾಸಗಿ ನಕ್ಷೆ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಹಳೆಯ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹರಡಿ, ಕೆಳಗಿರುವ ಗೆರೆಯನ್ನು ಮೇಲೆ ಶಾಯಿಯಲ್ಲಿ ತೆಗೆಯುವುದೇ ಟ್ರೇಸಿಂಗ್. ತಪ್ಪಿದರೆ ಬ್ಲೇಡಿನ ತುದಿಯಿಂದ ಶಾಯಿ ಕೆರೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ಹಳೆಯ ನಕ್ಷೆಗಳಲ್ಲಿ ಮಡಿಚಿದ ಗುರುತು, ಎಣ್ಣೆಯ ಕಲೆ, ಗೆದ್ದಲು ತಿಂದ ಸಾಲು ಎಲ್ಲವೂ ಗೆರೆಯಂತೆಯೇ ಕಾಣುತ್ತವೆ. ಮಡಿಕೆ ಯಾವುದು, ಗೆರೆ ಯಾವುದು ಎಂದು ತಿಳಿಯದವನು ಟ್ರೇಸರ್ ಅಲ್ಲ ಎಂದು ನನಗೆ ಕೆಲಸ ಕಲಿಸಿದ ಮುಖ್ಯ ಟ್ರೇಸರ್ ಹೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ಸಂಪಾದಿಸಿದ ಹೆಮ್ಮೆ ಅದೊಂದೇ. ಮಡಿಕೆಯನ್ನು ಮಾರುದೂರದಿಂದ ಗುರುತಿಸುತ್ತೇನೆ ಎನ್ನುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಟ್ರೇಸಿಂಗ್ ಮೇಜುಗಳನ್ನು ಗುಜರಿಗೆ ಹಾಕಿದರು. ನನ್ನ ಜೊತೆಯವರು ಹಲವರು ಮನೆಗೆ ಹೋದರು. ನಾನು ಐವತ್ತರ ವಯಸ್ಸಿನಲ್ಲಿ ಮೌಸ್ ಹಿಡಿಯಲು ಕಲಿತೆ. ಕಚೇರಿಯ ಮುಖ್ಯಸ್ಥರು ಸೈನ್ಯದ ಸರ್ವೆಯಿಂದ ನಿವೃತ್ತರಾಗಿ ಬಂದ ಒಬ್ಬ ಮೇಜರ್. ಹೊರದೇಶದ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಅವರೇ ಹಿಡಿದು ತಂದರು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಆಪರೇಟರ್ ನಂಬರ್ ಕೊಟ್ಟರು. ಅವರು ಎಳೆದದ್ದನ್ನು ನೋಡುವ ಚೆಕ್ಕರ್ ನಾನು.

ಹಾಗೆ ನಮ್ಮ ಕೈಗೆ ಬಂದದ್ದು ಇಂಗ್ಲೆಂಡಿನ ವೆಕ್ಸ್‌ಬಿ ಎಂಬ ಸಣ್ಣ ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚು, ಅದರ ಸುತ್ತಲಿನ ಊರು, ಹೊಲ, ಕಾಡು ಎಲ್ಲ ಸೇರಿದ್ದು. ನಮ್ಮ ಗ್ರಾಮ ಪಂಚಾಯಿತಿಯಷ್ಟು ಜಾಗ. ನೂರೈವತ್ತು ವರ್ಷಕ್ಕೂ ಹಳೆಯ ನಕ್ಷೆ, ಬಟ್ಟೆಯ ಮೇಲೆ ಅಂಟಿಸಿದ್ದು, ಚರ್ಚಿನ ಪೆಟ್ಟಿಗೆಯಲ್ಲಿ ಎಂಟು ಮಡಿಕೆಯಾಗಿ ಬಿದ್ದಿತ್ತಂತೆ. ಅದನ್ನು ಬಿಡಿಸಿ ಫೋಟೋ ತೆಗೆದು, ಹಲವು ಹಾಳೆಗಳಾಗಿ ನಮಗೆ ಕಳಿಸಿದ್ದರು. ತಗ್ಗಿನಲ್ಲಿ ಒಂದು ಹೊಳೆ, ಹೊಳೆಗೆ ಒಂದು ಹಿಟ್ಟಿನ ಗಿರಣಿ, ದಿಬ್ಬದ ಮೇಲೆ ಚರ್ಚು, ಅದರಿಂದ ಒಂದೂವರೆ ಮೈಲಿ ದೂರದಲ್ಲಿ ಏಳೆಂಟು ಮನೆಗಳ ಒಂದು ಹಟ್ಟಿ. ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿ ಕೂಡ ಇತ್ತು, ನಮ್ಮೂರಿನಂತೆಯೇ. ಪ್ರತಿ ಹೊಲಕ್ಕೂ ಒಂದು ಹೆಸರು. ಒಂದಕ್ಕೆ ಹಸಿದ ದಿಬ್ಬ ಎಂಬ ಅರ್ಥದ ಹೆಸರು, ಇನ್ನೊಂದಕ್ಕೆ ವಿಧವೆಯ ತುಂಡು. ಅಲ್ಲಿ ಏನು ಬೆಳೆಯುತ್ತಿತ್ತು, ಯಾರು ಉಳುತ್ತಿದ್ದರು ಎಂಬುದೆಲ್ಲ ಜೊತೆಯ ಪಟ್ಟಿಯಲ್ಲಿತ್ತು. ನಾನು ಕಾಣದ ಆ ಊರಿನ ಬದುಗಳು ನನಗೆ ಬಾಯಿಪಾಠವಾದವು.

ಹೊಳೆಯನ್ನು ಗುಡ್ಡ ಹತ್ತಿಸಿದ್ದು ಆ ಊರಿನಲ್ಲೇ. ನೀರು ಹರಿಯುವ ದಿಕ್ಕಿನ ಬಾಣವನ್ನು ತಿರುಗುಮುರುಗಾಗಿ ಹಾಕಿದ್ದೆ. "ನಮ್ಮ ಹೊಳೆ ಸಭ್ಯವಾದದ್ದು, ಮೆಟ್ಟಿಲು ಹತ್ತುವುದಿಲ್ಲ" ಎಂದು ಅಲ್ಲಿಂದ ಪತ್ರ ಬಂತು. ಮೇಜರ್ ಅದನ್ನು ಗಟ್ಟಿಯಾಗಿ ಓದಿದರು. ಆ ತಪ್ಪು ನನ್ನದೆಂದು ಒಪ್ಪಿಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ. ನಗೆಪಾಟಲಾಗಿ ಮುಗಿಯುವ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭ. ಅದರಿಂದ ಪ್ರಾಮಾಣಿಕ ಎಂಬ ಹೆಸರೂ ಬರುತ್ತದೆ. ನನಗೂ ಬಂತು.

ನಮ್ಮ ಕೆಲಸದ ಪದ್ಧತಿ ಹೀಗಿತ್ತು. ಒಂದು ಹಾಳೆಯನ್ನು ಇಬ್ಬರು ಆಪರೇಟರುಗಳು ಒಬ್ಬರದನ್ನೊಬ್ಬರು ನೋಡದೆ ಎಳೆಯಬೇಕು. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟರೆ ಹೊಂದಿಕೆಯಾಗದ ಗೆರೆ ಪರದೆಯ ಮೇಲೆ ಕೆಂಪಾಗುತ್ತದೆ. ಆ ಕೆಂಪನ್ನು ಚೆಕ್ಕರ್ ನೋಡಿ ತೀರ್ಮಾನ ಹೇಳಬೇಕು. ಅದಕ್ಕೆ ಮೊದಲು ಚೆಕ್ಕರ್ ಬಾಯಿ ಬಿಡಬಾರದು. ನಾಲ್ಕು ಕಣ್ಣು ಬೇರೆಬೇರೆಯಾಗಿ ನೋಡಲಿ ಎಂಬುದೇ ಪದ್ಧತಿಯ ಜೀವ. ನಾನು ಬಾಯಿ ಬಿಟ್ಟೆ. ಮೂರನೆಯ ಹಾಳೆ ತೆರೆದ ದಿನವೇ, ಹಟ್ಟಿಯಿಂದ ಚರ್ಚಿನ ಕಡೆಗೆ ಹೋಗುವ ತುಂಡುತುಂಡು ಗೆರೆಯೊಂದನ್ನು ತೋರಿಸಿ, "ಇದು ಮಡಿಕೆ. ಯಾರೂ ಎಳೀಬೇಡಿ" ಎಂದು ಎಲ್ಲರಿಗೂ ಹೇಳಿಬಿಟ್ಟೆ. ಬಟ್ಟೆಯ ಮಡಿಕೆ ನಿಜವಾಗಿಯೂ ಅಲ್ಲೇ ಹಾದುಹೋಗಿತ್ತು. ನನ್ನ ಕಣ್ಣು ಮೊದಲು ಮಡಿಕೆಯನ್ನು ನೋಡಿತು, ಆಮೇಲೆ ಬೇರೇನನ್ನೂ ನೋಡಲಿಲ್ಲ.

ಆಪರೇಟರ್ ಒಂಬತ್ತು ನನ್ನ ಮಾತು ಕೇಳಿ ಎಳೆಯಲಿಲ್ಲ. ಆಪರೇಟರ್ ಹದಿನೇಳು ಎಳೆದಳು.

ಹದಿನೇಳು ಗದಗಿನ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಮಾತು ಕಡಿಮೆ, ಆದರೆ ಆಡಿದರೆ ಇಡೀ ಕಚೇರಿ ಕಿವಿಗೊಡುತ್ತಿತ್ತು. ಪರದೆಯ ಮೇಲೆ ಒಂದೂವರೆ ಮೈಲಿಯುದ್ದದ ಕೆಂಪು ಗೆರೆ ಕಂಡಾಗ ಅವಳನ್ನು ಕರೆದೆ.

"ಏನಮ್ಮಾ, ಹೇಳಿದ್ದು ಕೇಳಿಸಲಿಲ್ವಾ? ಮಡಿಕೆ ಅಂದಿದ್ದೆ."

"ಕೇಳಿಸೇತ್ರಿ ಸರ್. ಆದ್ರ ಇದು ಮಡಿಕಿ ಅಲ್ರೀ, ಕಾಲುದಾರಿ. ಇಲ್ಲಿ ನೋಡ್ರಿ, ಬೇಲಿ ದಾಟೋ ಕಡೆಯೆಲ್ಲಾ ಸಣ್ಣ ಸಂದು ಬಿಟ್ಟಾರ. ನಮ್ಮೂರಾಗೂ ಹೊಲಕ್ಕ ಮುಳ್ಳು ಹಚ್ಚಿದ್ರ ಮಂದಿ ಅಡ್ಡಾಡಾಕ ಹಿಂಗ ಸಂದು ಬಿಡ್ತಾರ್ರೀ."

"ಬಟ್ಟೆ ಸವೆದು ಶಾಯಿ ಉದುರಿರುತ್ತೆ. ಅದಕ್ಕೆ ಸಂದು."

"ಹೌದೇನ್ರಿ? ಮತ್ತ ಇಲ್ಲಿ ಹೊಂಡದ ಹತ್ರ ಗೆರಿ ಬಳಸಿ ಹೋಗೇತಲ್ರೀ ಸರ್. ಮಡಿಕಿ ಏನು ಹೊಂಡ ನೋಡಿ ಹೆದರಿ ಪಕ್ಕಕ್ಕ ಸರಿತದೇನ್ರಿ?"

ಕಚೇರಿಯಲ್ಲಿ ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, "ಮಡಿಕೆಗೆ ಈಜು ಬರಲ್ಲ ಸಾರ್" ಎಂದ. ಅವಳು ನನ್ನನ್ನು ಹಂಗಿಸಲು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದಳು. ನಾನು ಆಗಲೇ ಪರದೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿದ್ದರೆ ಸಾಕಿತ್ತು. ಮಡಿಕೆ ನೆಟ್ಟಗೆ ಹೊಂಡದ ಮೇಲೆ ಹೋಗಿತ್ತು, ಗೆರೆ ಬಳಸಿ ಹೋಗಿತ್ತು. ಎರಡೂ ಬೇರೆಬೇರೆ. ನಾನು ಆ ನಗೆಯನ್ನಷ್ಟೇ ಕೇಳಿಸಿಕೊಂಡೆ.

"ನೀನು ಹುಟ್ಟೋಕೆ ಮುಂಚೆಯಿಂದ ಮಡಿಕೆ ನೋಡ್ತಿದೀನಿ. ಅಳಿಸು" ಎಂದೆ.

"ನಾ ಅಳಿಸಂಗಿಲ್ರಿ ಸರ್. ನೀವು ಚೆಕ್ಕರ್ ಅದೀರಿ, ನಿಮ್ಮ ನಂಬರಿನಾಗ ನೀವ ಅಳಿಸ್ರಿ."

ಅವಳು ಹೇಳಿದ್ದು ನಿಯಮದ ಪ್ರಕಾರ ಸರಿ. ಚೆಕ್ಕರ್ ಏನೇ ಬದಲಾಯಿಸಿದರೂ ತನ್ನ ನಂಬರಿನಲ್ಲಿ ಬದಲಾಯಿಸಿ ಕಾರಣ ಬರೆಯಬೇಕು. ನನಗೆ ಕಾರಣ ಬರೆಯಲು ಮನಸ್ಸಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಹಿಡಿದು ಹೊರಗೆ ಹೋದಾಗ, ಅವಳ ಕಂಪ್ಯೂಟರ್ ತೆರೆದೇ ಇತ್ತು. ಅವಳ ಕುರ್ಚಿಯಲ್ಲಿ ಕೂತು ಆ ಗೆರೆಯನ್ನು ಅಳಿಸಿದೆ. ಆಪರೇಟರ್ ಹದಿನೇಳು ತಾನೇ ತಿದ್ದಿಕೊಂಡಳು ಎಂದು ದಾಖಲೆಯಾಯಿತು. ಕೆಂಪು ಹೋಯಿತು. ಹಾಳೆಗೆ ಸಹಿ ಹಾಕಿದೆ.

ಏಳೆಂಟು ತಿಂಗಳ ಮೇಲೆ ವೆಕ್ಸ್‌ಬಿಯಿಂದ ಪತ್ರ ಬಂತು. ಈ ಸಲ ತಮಾಷೆ ಇರಲಿಲ್ಲ. ನಮ್ಮ ನಕ್ಷೆಯನ್ನು ಊರಿನ ಸಭಾಭವನದಲ್ಲಿ ತೂಗುಹಾಕಿದ್ದರು. ಹೊಲ ಕೊಂಡ ಹೊಸ ಮಾಲೀಕರೊಬ್ಬರು ಅದನ್ನೇ ತೋರಿಸಿ, ಇಲ್ಲಿ ದಾರಿಯೇ ಇಲ್ಲ ಎಂದು ತಂತಿ ಕಟ್ಟಿಸಿದ್ದರು. ಹಟ್ಟಿಯಲ್ಲಿ ಒಬ್ಬರು ಮುದುಕರಿದ್ದರಂತೆ. ದಿನಾ ಆ ಕಾಲುದಾರಿಯಲ್ಲಿ ನಡೆದು, ಚರ್ಚಿನ ಅಂಗಳದಲ್ಲಿರುವ ಹೆಂಡತಿಯ ಸಮಾಧಿಗೆ ಹೋಗಿ ಬರುತ್ತಿದ್ದರಂತೆ. ಈಗ ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಾರೆ, ಮೂಲ ನಕ್ಷೆಯಲ್ಲಿ ದಾರಿ ಇದೆಯೇ ಇಲ್ಲವೇ ದಯವಿಟ್ಟು ನೋಡಿ ಹೇಳಿ ಎಂದು ಬರೆದಿದ್ದರು.

ಮೇಜರ್ ಕಂಪ್ಯೂಟರಿನ ದಾಖಲೆಯಾದ ಲಾಗ್ ತೆಗೆಸಿದರು. ಹದಿನೇಳನ್ನೂ ನನ್ನನ್ನೂ ಕೋಣೆಗೆ ಕರೆದರು.

"ಎಳೆದಿದ್ದೀಯ, ಆಮೇಲೆ ಅಳಿಸಿದ್ದೀಯ. ಯಾಕಮ್ಮಾ?"

"ನಾ ಅಳಿಸಿಲ್ರಿ ಸರ್. ಅಳಿಸಬ್ಯಾಡ್ರಿ ಅಂತ ಹೇಳಿದಾಕಿ ನಾ."

"ಲಾಗ್‌ನಲ್ಲಿ ನಿನ್ನ ನಂಬರ್ ಇದೆ. ಮನುಷ್ಯರು ಸುಳ್ಳು ಹೇಳ್ತಾರೆ, ಲಾಗ್ ಹೇಳಲ್ಲ."

ಅವಳು ನನ್ನ ಕಡೆ ನೋಡಿದಳು. ಅದು ಆಪಾದನೆಯ ನೋಟವಾಗಿದ್ದರೆ ಇಷ್ಟು ದಿನ ಕಾಡುತ್ತಿರಲಿಲ್ಲವೇನೋ. ನಾನು ಹೇಳುತ್ತೇನೆ ಎಂದು ನಂಬಿ ಕಾಯುತ್ತಿದ್ದಳು.

"ಹೊಸಬರು ಸಾರ್. ಕೈ ತಪ್ಪಿರಬೋದು" ಎಂದೆ.

ಇಷ್ಟೇ ನಾನು ಆಡಿದ ಮಾತು. ಇದರಲ್ಲಿ ಪೂರ್ತಿ ಸುಳ್ಳು ಇಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಅವಳನ್ನು ಕೆಲಸದಿಂದ ತೆಗೆದರು. ಅಳಿಸಿದ್ದಕ್ಕಲ್ಲ, ಅಳಿಸಿ ಸುಳ್ಳು ಹೇಳಿದ್ದಕ್ಕೆ ಎಂದರು ಮೇಜರ್. ಅವರು ಕೆಟ್ಟವರಲ್ಲ, ನನ್ನ ಮಾತನ್ನು ನಂಬಿದ್ದರು. ಹೊರಡುವ ಮುಂಚೆ ಅವಳು ನನ್ನ ಮೇಜಿನ ಹತ್ತಿರ ಬಂದಳು. ಕೂಗಾಡುತ್ತಾಳೆ ಎಂದು ನಾನು ಫೈಲಿನಲ್ಲಿ ಮುಖ ಇಟ್ಟುಕೊಂಡೆ.

"ಸರ್, ನನ್ನ ವಿಷಯ ಬಿಡ್ರಿ. ಆ ದಾರಿ ಹಾಕ್ರಿ. ಪಾಪ, ಆ ಅಜ್ಜ ಸುತ್ತು ಹೊಡ್ದು ಹೋಗಾಕತ್ಯಾನ" ಎಂದಳು.

ಹಾಕಿದೆ. ಅವಳು ಹೋದ ಸಂಜೆಯೇ, ಈ ಸಲ ನನ್ನ ನಂಬರಿನಲ್ಲಿ ಹಾಕಿದೆ. ಕಾರಣವನ್ನೂ ಬರೆದೆ: ಬೇಲಿಯಲ್ಲಿ ಸಂದುಗಳಿವೆ, ಹೊಂಡದ ಬಳಿ ಗೆರೆ ಬಳಸಿ ಹೋಗಿದೆ, ಆದ್ದರಿಂದ ಇದು ಮಡಿಕೆಯಲ್ಲ. ಎರಡೂ ಅವಳ ಮಾತು. ವೆಕ್ಸ್‌ಬಿಯಿಂದ ನನ್ನ ಹೆಸರಿಗೆ ಮೆಚ್ಚುಗೆಯ ಪತ್ರ ಬಂತು. ಆಮೇಲೆ ನನಗೆ ಬಡ್ತಿಯೂ ಆಯಿತು, ಅದನ್ನು ವಿವರಿಸುವ ಮುಖ ನನಗಿಲ್ಲ. ಈ ಸಂಗತಿಯನ್ನು ತೀರಿಹೋದ ನನ್ನ ಹೆಂಡತಿಗೂ ಹೇಳಿರಲಿಲ್ಲ.

ಇನ್ನು ಈ ವರ್ಷದ ಮಾತು. ಇಲ್ಲಿ ಲಾಕ್‌ಡೌನ್ ಆದಾಗ ಅಂಗಡಿಗಳ ನೆಲದ ಮೇಲೆ ಒಂದೂವರೆ ಮೀಟರಿಗೊಂದು ಪಟ್ಟಿ ಅಂಟಿಸಿದ್ದರು. ಮಗಳು ವೀಣಾ ಊಟದ ಮೇಜಿನ ಮೇಲೆ ಆಫೀಸು ಹೂಡಿದ್ದಳು. ಮೊಮ್ಮಗಳು ನಾನು ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಕಾಲುವೆಯ ದಂಡೆಯ ಮೇಲೆ ನಡೆದು ಬರುತ್ತಿದ್ದೆ. ಇಲ್ಲಿ ನೀರು ಮೇಲಿದೆ, ಮನೆ ಹೊಲಗಳು ಕೆಳಗಿವೆ. ಮೊದಲ ದಿನ ನೋಡಿ, ಹಿಂದೊಮ್ಮೆ ಹೊಳೆಯನ್ನು ಗುಡ್ಡ ಹತ್ತಿಸಿದ ಕಥೆಯನ್ನು ವೀಣಾಗೆ ಹೇಳಿದೆ. ಅವಳಿಗೆ ಬಹಳ ಖುಷಿಯಾಯಿತು. ವೆಕ್ಸ್‌ಬಿ ಎಂಬ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದಳು.

"ಅಪ್ಪಾ, ಇಲ್ನೋಡಿ! ಅವರೂ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಮೀಟಿಂಗ್ ಮಾಡ್ತಿದಾರೆ. ಊರಿನ ಹಿಸ್ಟರಿ ಬಗ್ಗೆ. ಯಾರು ಬೇಕಾದ್ರೂ ಸೇರಬೋದಂತೆ. ಶನಿವಾರ ಮಧ್ಯಾಹ್ನ."

"ನನಗ್ಯಾಕಮ್ಮಾ ಅದೆಲ್ಲ?"

"ನೀವು ಬರೆದ ಊರಲ್ವಾ? ಸುಮ್ನೆ ಕೂತ್ಕೊಳಿ."

ಕೂತೆ. ನೋಡುವ ಆಸೆ ನನಗೂ ಇತ್ತು. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸು ಒಂದೊಂದೇ ಚಿತ್ರ ತೋರಿಸಿದರು. ಗಿರಣಿ ಈಗ ಯಾರದೋ ಮನೆಯಾಗಿದೆ. ದೊಡ್ಡಿಯ ಕಲ್ಲಿನ ಗೋಡೆ ಉಳಿದಿದೆ. ಹಸಿದ ದಿಬ್ಬದಲ್ಲಿ ಈಗಲೂ ಹುಲ್ಲು ಸರಿಯಾಗಿ ಬರುವುದಿಲ್ಲವಂತೆ. ಆಮೇಲೆ ಆ ಕಾಲುದಾರಿ. ಬೇಲಿಯ ಸಂದು, ಸಂದಿನಲ್ಲಿ ದಾಟಲು ಮರದ ಮೆಟ್ಟಿಲು. ಚರ್ಚಿಗೆ ಬೀಗ ಹಾಕಿದೆ, ಆದರೂ ಊರಿನವರು ದಿನಕ್ಕೊಮ್ಮೆ ಈ ದಾರಿಯಲ್ಲಿ ನಡೆದು ತಮ್ಮವರ ಸಮಾಧಿಗಳನ್ನು ನೋಡಿ ಬರುತ್ತಾರೆ, ಈ ದಾರಿ ಇಲ್ಲದಿದ್ದರೆ ಈ ದಿನಗಳನ್ನು ಹೇಗೆ ಕಳೆಯುತ್ತಿದ್ದೆವೋ ಎಂದರು ಮಾರ್ಗರೆಟ್. "ಒಮ್ಮೆ ಇದು ನಕ್ಷೆಯಿಂದ ಮಾಯವಾಗಿತ್ತು. ಇಂಡಿಯಾದ ಸೂಕ್ಷ್ಮ ಕಣ್ಣಿನ ಒಬ್ಬ ಮಹನೀಯರು ಹುಡುಕಿಕೊಟ್ಟರು" ಎಂದು ನನ್ನ ಹೆಸರನ್ನು ತೊದಲುತ್ತಾ ಓದಿದರು.

ವೀಣಾ ಕುಣಿದಾಡಿಬಿಟ್ಟಳು. "ಅಪ್ಪಾ! ನೀವೇ! ಮ್ಯೂಟ್ ತೆಗೀರಿ, ಮಾತಾಡಿ!" ಅವಳೇ ಒತ್ತಿದಳು. ಪರದೆಯ ತುಂಬ ಬಿಳಿಕೂದಲಿನ ಮುಖಗಳು ನನ್ನನ್ನೇ ನೋಡಿದವು. ಚಪ್ಪಾಳೆ ತಟ್ಟಿದರು. ನನ್ನ ಹರಕು ಇಂಗ್ಲಿಷಿನಲ್ಲಿ, ಧನ್ಯವಾದ, ಅದು ನನ್ನ ಕರ್ತವ್ಯವಾಗಿತ್ತು ಎಂದೆ.

ಆಗ ನನ್ನನ್ನು ಯಾರೂ ಕೆಲಸದಿಂದ ತೆಗೆಯುವ ಹಾಗಿರಲಿಲ್ಲ. ಮೇಜರ್ ತೀರಿಕೊಂಡಿದ್ದರು, ಕಚೇರಿ ಮುಚ್ಚಿತ್ತು. ಆದರೂ ಅದೇ ಸುಳ್ಳನ್ನು ಎರಡನೆಯ ಸಲ, ಮಗಳ ಎದುರಿಗೇ ಹೇಳಿದೆ. ಮೊದಲ ಸಲ ಹೆದರಿ ಹೇಳಿದ್ದೆ ಎಂದು ನಂಬಿಕೊಂಡಿದ್ದೆ. ಎರಡನೆಯ ಸಲ ಹೆದರಿಕೆಯ ಕಾರಣವೂ ಇರಲಿಲ್ಲ, ಚಪ್ಪಾಳೆ ಹಿತವಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ವೀಣಾಗೆ ಎಲ್ಲ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಅವರೆಲ್ಲಿದಾರೆ ಈಗ?"

"ಗೊತ್ತಿಲ್ಲ."

"ಹುಡುಕಿದ್ರಾ?"

"ಇಲ್ಲ."

"ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ?"

ನಾನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದೆ. "ನೆನ್ನೆ ನಾನು ಫ್ರೆಂಡ್ಸ್‌ಗೆಲ್ಲ ಮೆಸೇಜ್ ಮಾಡಿದೀನಪ್ಪಾ, ನಮ್ಮಪ್ಪ ಹೀಗೆ ಅಂತ" ಎಂದು ಎದ್ದು ಹೋದಳು. ಎರಡು ದಿನ ನನ್ನೊಡನೆ ಊಟಕ್ಕೆ ಏಳಿ ಎನ್ನುವುದರ ಹೊರತು ಮಾತಾಡಲಿಲ್ಲ. ಮೂರನೆಯ ದಿನ ತಾನೇ ಕೂತು, ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಮಾರ್ಗರೆಟ್ ಅವರಿಗೆ ಕಳಿಸಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಅವರ ಉತ್ತರ ಚಿಕ್ಕದಾಗಿತ್ತು. ನಮ್ಮ ದಾರಿ ನಮಗೆ ಸಿಕ್ಕಿದೆ, ಆದ್ದರಿಂದ ನಮ್ಮಲ್ಲಿ ನೀವು ಕ್ಷಮೆ ಕೇಳುವುದು ಏನೂ ಉಳಿದಿಲ್ಲ, ಕೆಲಸ ಕಳೆದುಕೊಂಡವರು ನಾವಲ್ಲ ಎಂದು ಬರೆದಿದ್ದರು. ಕಾಲುದಾರಿಯ ಆರಂಭದಲ್ಲಿ ಅದರ ಇತಿಹಾಸದ ಫಲಕ ನಿಲ್ಲಿಸಲಿದ್ದೇವೆ, ಅದರಲ್ಲಿ ನಿಮ್ಮ ಹೆಸರಿದೆ, ಅದನ್ನು ತೆಗೆಯುತ್ತೇವೆ. ಆ ಹುಡುಗಿಯ ಹೆಸರೇನು?

ಕಳಿಸಿದೆ.

ಅಷ್ಟಕ್ಕೆ ಮುಗಿಯಿತು ಎಂದು ನೀವು ಎಣಿಸಬಾರದು. ವೀಣಾ ಬಿಡದೆ ನನ್ನ ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿಸಿದಳು. ಆಪರೇಟರ್ ಒಂಬತ್ತು ಆಗಿದ್ದವನು ಸಿಕ್ಕಿದ. ಅವನ ಹತ್ತಿರ ಅವಳ ನಂಬರ್ ಇತ್ತು. ಅವಳು ಹುಬ್ಬಳ್ಳಿಯಲ್ಲಿದ್ದಾಳಂತೆ. ಆಮೇಲೆ ಅವಳಿಗೆ ನಕ್ಷೆಯ ಕೆಲಸ ಎಲ್ಲೂ ಸಿಗಲಿಲ್ಲವಂತೆ, ಕೇಳಿದಲ್ಲೆಲ್ಲ ಹಳೆಯ ಕಚೇರಿಯಿಂದ ಪತ್ರ ತರಲು ಹೇಳಿದರಂತೆ. ಆ ಫೋನ್ ನಂಬರ್ ನನ್ನ ಬಳಿ ಇದ್ದು ನಾಲ್ಕು ತಿಂಗಳಾಯಿತು. ಈ ಕಾಯಿಲೆಯ ಕಾಲದಲ್ಲಿ ಅಲ್ಲಿ ಯಾವ ಮನೆಯಲ್ಲಿ ಏನಿದೆಯೋ, ಈಗ ಬೇಡ ಎಂದುಕೊಂಡೆ. ಹಬ್ಬದ ದಿನ ಬೇಡ ಎಂದುಕೊಂಡೆ. ಎದುರಿಗೇ ಹೋಗಿ ಕೇಳುವುದು ಮರ್ಯಾದೆ, ಫೋನಿನಲ್ಲಿ ಅಲ್ಲ ಎಂದುಕೊಂಡೆ. ನಿಮಗಾಗಿ ಇದನ್ನು ಬರೆಯುತ್ತೇನೆ ಎಂದು ಕೂತದ್ದೂ ಫೋನು ಮಾಡದೆ ಇರಲು ನಾನು ಕಂಡುಕೊಂಡ ಇನ್ನೊಂದು ಉಪಾಯವೇ.

ನಕ್ಷೆಯ ಕೆಲಸಕ್ಕೆ ಬರುವ ಮಕ್ಕಳಿಗೆ ಒಂದೇ ಮಾತು. ಗೆರೆ ಅಳಿಸುವ ಮುನ್ನ ಎಳೆದವರ ಕಾರಣ ಕೇಳಿ, ಅಳಿಸಿದರೆ ನಿಮ್ಮ ಹೆಸರಿನಲ್ಲಿ ಅಳಿಸಿ. ಬೇರೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಈ ಬರಹದಲ್ಲೂ ಅವಳನ್ನು ಉದ್ದಕ್ಕೂ ಹದಿನೇಳು ಎಂದೇ ಕರೆದೆ. ಸಂಖ್ಯೆಯ ಎದುರು ತಲೆ ತಗ್ಗಿಸಬೇಕಾಗಿಲ್ಲ, ಅದಕ್ಕೇ ಇರಬೇಕು. ಹೆಸರು ನನಗೆ ಒಂದು ದಿನವೂ ಮರೆತಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ತನ್ನ ಕೈಯಾರೆ ಬರೆಯುತ್ತಿದ್ದ ಹಾಗೆಯೇ ಬರೆಯುತ್ತೇನೆ: ಅನ್ನಪೂರ್ಣಾ ಶಿವಪ್ಪ ಬಡಿಗೇರ.